ಮಣ್ಣಿನ ಬಗ್ಗೆ ಬರೆದರೆ ಅದು ಭಕ್ತಿ ಕವಿತೆ ಆಗುತ್ತಾ?

ಓದುಗರ ಪ್ರಶ್ನೆ: "ಮೇಡಂ, ನಮಸ್ಕಾರ. ನನಗೆ 51 ವರ್ಷ. ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡರು. ಅವರು ಬೆಳೆಸಿದ ಗಿಡಗಳನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಗಿಡಗಳ ಹತ್ತಿರ ಕೂತರೆ ಏನಾದರೂ ಬರೆಯಬೇಕು ಅನ್ನಿಸುತ್ತದೆ. ಹಾಗೆ ಬರೆದು ಬರೆದು ಎರಡು ನೋಟ್‌ಬುಕ್ ತುಂಬಿವೆ. ದೇವರ ಜೊತೆ ಮಾತಾಡಿದ ಹಾಗೆ ಬರೆಯುತ್ತೇನೆ. ಮಣ್ಣು, ಮಳೆ, ಅಮ್ಮ, ನನ್ನ ಕೋಪ, ಬೇಜಾರು ಎಲ್ಲ ಬರುತ್ತದೆ. ಪರಿಚಯದ ಹಿರಿಯರೊಬ್ಬರಿಗೆ ತೋರಿಸಿದೆ. ಭಕ್ತಿ ಕವಿತೆಗೆ ಛಂದಸ್ಸು ಬೇಕು, ಕೊನೆಯಲ್ಲಿ ದೇವರ ಹೆಸರಿನ ಅಂಕಿತ ಬೇಕು ಎಂದರು. 'ಇದರಲ್ಲಿ ನಾನು ನಾನು ಅನ್ನುವುದು ಜಾಸ್ತಿ, ಅದು ಅಹಂಕಾರ' ಎಂದರು. ಗಿಡ, ಮಣ್ಣು ಎಂದು ಬರೆದರೆ ಅದು ಪ್ರಕೃತಿ ಕವಿತೆ, ಭಕ್ತಿ ಅಲ್ಲ ಎಂದೂ ಹೇಳಿದರು. ಇನ್ನೊಂದು ವಿಷಯವನ್ನು ಅವರಿಗೆ ಹೇಳಲಿಲ್ಲ. ಕೆಲವು ದಿನ ನನಗೆ ದೇವರು ಇದ್ದಾನೆ ಅಂತಲೇ ಅನ್ನಿಸುವುದಿಲ್ಲ. ಆದರೂ 'ದೇವಾ' ಎಂದು ಬರೆಯುತ್ತೇನೆ. ಇದು ಸುಳ್ಳಲ್ವಾ? ಮಗಳು ಪುಸ್ತಕ ಮಾಡಿಸೋಣ ಅನ್ನುತ್ತಿದ್ದಾಳೆ. ಬರೆಯುವುದನ್ನು ನಿಲ್ಲಿಸಲಾ, ಮುಂದುವರಿಸಲಾ? ಎರಡು ಕವಿತೆ ಜೊತೆಗೆ ಇಟ್ಟಿದ್ದೇನೆ."

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕವಿತೆಗಳನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. ಮೂವತ್ತು ವರ್ಷ ಕಾವ್ಯ ಪಾಠ ಮಾಡಿದ್ದೇನೆ, ಬೇರೆಯವರ ಹಸ್ತಪ್ರತಿ ತಿದ್ದಿದ್ದೇನೆ. ಭಕ್ತಿ ಕವಿತೆಗಳ ಕಟ್ಟು ನನ್ನ ಮೇಜಿಗೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಬಹಳ ಮಂದಿ ಕೇಳುವುದು "ಇದು ಚೆನ್ನಾಗಿದೆಯಾ?" ಎಂದು. ನೀವು ಕೇಳಿದ್ದು "ಇದು ಸುಳ್ಳಾ?" ಎಂದು. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಎರಡು ಕವಿತೆಗಳನ್ನು ಪಕ್ಕಪಕ್ಕ ಇಡೋಣ. ಹಿರಿಯರು ಎತ್ತಿದ ಮಾತುಗಳಲ್ಲಿ ಅರ್ಧಕ್ಕೆ ಅಲ್ಲೇ ಉತ್ತರ ಇದೆ.

ಮೊದಲನೆಯದು ಹೀಗೆ ಶುರುವಾಗುತ್ತದೆ:

ಕರುಣೆಯ ಕಡಲೇ, ಮಹಿಮೆಯ ಒಡಲೇ,
ಭೂತಾಯಿ ನಿನ್ನಯ ಪಾವನ ಮಡಿಲೇ,
ಬೇಡುವೆ ನಾನು ಹಗಲೂ ಇರುಳೇ,
ನೀಡೆನಗೆ ಜ್ಞಾನದ ಬೆಳಕಿನ ಹೊನಲೇ.

ಎರಡನೆಯದು ಪೂರ್ತಿ ಐದೇ ಸಾಲು:

ಅಮ್ಮ ನೆಟ್ಟ ಗಿಡದ ಬುಡ ಕೆದಕಿದೆ.
ಮೇಲೆ ಒಣಮಣ್ಣು, ಒಳಗೆ ತಂಪು.
ನಾಲ್ಕು ದಿನದಿಂದ ನಾನು ನೀರು ಹಾಕಿಲ್ಲ.
ಹಾಕಿದವರು ಯಾರು?
ಎಲ್ಲವೂ ನಿನ್ನ ಲೀಲೆ, ಕರುಣಾಳು ದೇವಾ.

ಮೊದಲನೆಯದನ್ನು ನೀವು ಭಕ್ತಿಯಿಂದಲೇ ಬರೆದಿದ್ದೀರಿ, ಅನುಮಾನವಿಲ್ಲ. ಆದರೆ ಅದರಲ್ಲಿ ನೀವು ಕಾಣುವುದಿಲ್ಲ. ಕಡಲು, ಒಡಲು, ಮಡಿಲು ಒಂದನ್ನೊಂದು ಕೈಹಿಡಿದು ಎಳೆದುಕೊಂಡು ಬಂದಿವೆ. ಕಡಲನ್ನು ನೋಡಿದ್ದಕ್ಕೆ ಒಡಲು ಬಂದದ್ದಲ್ಲ, ಪ್ರಾಸ ಕೂರುತ್ತದೆ ಎಂದು ಬಂದದ್ದು. ಮೂರನೆಯ ಸಾಲು ನೋಡಿ. "ಹಗಲೂ ಇರುಳೂ" ಎನ್ನಬೇಕಿತ್ತು. ಪ್ರಾಸಕ್ಕಾಗಿ "ಇರುಳೇ" ಆಯಿತು. ನಿಮ್ಮ ಮಾತನ್ನು ಪ್ರಾಸ ತಿರುಚಿದೆ. ಈ ನಾಲ್ಕು ಸಾಲನ್ನು ಬೇರೆ ಯಾರ ನೋಟ್‌ಬುಕ್ಕಿನಲ್ಲಿ ಇಟ್ಟರೂ ಅಲ್ಲಿಯದೇ ಅನ್ನಿಸುತ್ತದೆ.

ಎರಡನೆಯದರ ಮೊದಲ ನಾಲ್ಕು ಸಾಲು ನಿಮ್ಮ ಹೊರತು ಯಾರಿಗೂ ಸೇರುವುದಿಲ್ಲ. ಬೆರಳು ಮಣ್ಣಿಗೆ ಹೋದದ್ದು ಗೊತ್ತಾಗುತ್ತದೆ. ನಾಲ್ಕು ದಿನ ನೀರು ಹಾಕದೆ ಇದ್ದ ಅಳುಕು ಗೊತ್ತಾಗುತ್ತದೆ. ಅಮ್ಮ ಇಲ್ಲ ಎಂದು ಎಲ್ಲೂ ಹೇಳಿಲ್ಲ. "ನೆಟ್ಟ" ಎನ್ನುವ ಒಂದು ಪದದಲ್ಲಿ ಅದು ಬಂದುಬಿಟ್ಟಿದೆ. ಐದನೆಯ ಸಾಲಿನ ಬಗ್ಗೆ ಕೊನೆಯಲ್ಲಿ ಮಾತಾಡುತ್ತೇನೆ.

ಈಗ ಛಂದಸ್ಸಿನ ಮಾತು. ಭಕ್ತಿ ಕವಿತೆಗೆ ಛಂದಸ್ಸು ಕಡ್ಡಾಯ ಎನ್ನುವುದು ತಪ್ಪು. ಕನ್ನಡದಲ್ಲಿ ಕೂತು ಈ ಮಾತು ಹೇಳುವುದು ಇನ್ನೂ ದೊಡ್ಡ ತಪ್ಪು. 12ನೇ ಶತಮಾನದ ವಚನಗಳು ಯಾವ ಗಣದ ಲೆಕ್ಕಕ್ಕೂ ಸಿಗುವುದಿಲ್ಲ. ಬಸವಣ್ಣನವರು ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ತಾಳಮಾನ ಸರಿಸವನರಿಯೆ, ಅಮೃತಗಣ ದೇವಗಣವನರಿಯೆ ಎಂದು ಒಂದೊಂದಾಗಿ ಎಣಿಸಿ, "ಆನು ಒಲಿದಂತೆ ಹಾಡುವೆ" ಎಂದು ಮುಗಿಸುತ್ತಾರೆ. ಹಾಗಂತ ವಚನಕ್ಕೆ ಲಯ ಇಲ್ಲ ಅಂದುಕೊಳ್ಳಬೇಡಿ. "ಎನ್ನ ಕಾಲೇ ಕಂಬ, ದೇಹವೇ ದೇಗುಲ" ಎಂದು ಜೋರಾಗಿ ಓದಿ ನೋಡಿ. ಮಾತಿನ ಉಸಿರೇ ಅಲ್ಲಿ ಲಯ.

ಆದರೆ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಛಂದಸ್ಸು ಗೊತ್ತಿದ್ದವರ ಕೈಯಲ್ಲಿ ಅದು ಏನೆಲ್ಲ ಮಾಡಬಲ್ಲದು ಎಂದು ತೋರಿಸಲು ಕನಕದಾಸರ ಎರಡು ಸಾಲು ಸಾಕು:

ಬೆಟ್ಟದಾ ತುದಿಯಲ್ಲಿ ಹುಟ್ಟಿರುವ ವೃಕ್ಷಕ್ಕೆ
ಕಟ್ಟೆಯನು ಕಟ್ಟಿ ನೀರೆರೆದವರು ಯಾರೋ

ನಿಮ್ಮ ನಾಲ್ಕನೆಯ ಸಾಲು ನೆನಪಾಯಿತಾ? "ಹಾಕಿದವರು ಯಾರು?" ಸುಮಾರು ಐನೂರು ವರ್ಷದ ಹಿಂದೆ ಅವರು ಬೆಟ್ಟದ ಮರ ನೋಡಿ ಕೇಳಿದ ಪ್ರಶ್ನೆಯನ್ನೇ ನೀವು ಗಿಡದ ಬುಡದಲ್ಲಿ ಕೂತು ಕೇಳಿದ್ದೀರಿ. ಈ ಹಾಡು ನಿಮಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅದು ಮುಖ್ಯವಲ್ಲ. ಅಮ್ಮ ಹಾಡಿದ್ದು ಕಿವಿಯಲ್ಲಿ ಉಳಿದಿರಬಹುದು. ಬೆರಳಿಗೆ ತಂಪು ತಾಗಿದ್ದು ಮಾತ್ರ ನಿಮ್ಮದೇ.

ಕನಕದಾಸರ ಸಾಲನ್ನು ಕೈತಟ್ಟಿ ಎಣಿಸಿ. ಬೆಟ್ಟದಾ, ತುದಿಯಲ್ಲಿ, ಹುಟ್ಟಿರುವ, ವೃಕ್ಷಕ್ಕೆ. ಒಂದೊಂದೂ ಐದು ಮಾತ್ರೆ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಎರಡನೆಯ ಸಾಲಿನ ಕೊನೆಯ "ಯಾರೋ" ನಾಲ್ಕೇ ಮಾತ್ರೆ. ಅಲ್ಲಿ ಒಂದು ಮಾತ್ರೆಯ ಜಾಗ ಖಾಲಿ ಉಳಿಯುತ್ತದೆ. ಪ್ರಶ್ನೆ ಕೇಳಿ ಉಸಿರು ಬಿಟ್ಟ ಹಾಗೆ. ಪ್ರಾಸ ಎಲ್ಲಿದೆ ನೋಡಿ. ಸಾಲಿನ ಕೊನೆಯಲ್ಲಿಲ್ಲ, ಮೊದಲಲ್ಲಿದೆ. ಬೆಟ್ಟ, ಕಟ್ಟೆ. ಮುಂದಿನ ಎರಡು ಸಾಲುಗಳು "ಹುಟ್ಟಿಸಿದ", "ಗಟ್ಟಿಯಾಗಿ" ಎಂದು ಶುರುವಾಗುತ್ತವೆ. ನಾಲ್ಕಕ್ಕೂ ಎರಡನೆಯ ಅಕ್ಷರ ಒಂದೇ. ಇದು ಕನ್ನಡದ ಹಳೆಯ ಆದಿಪ್ರಾಸ. ನೀವು ಬಳಸಿದ್ದು ಅಂತ್ಯಪ್ರಾಸ. ಅದೂ ತಪ್ಪಲ್ಲ. ಆದರೆ ನಾನು ಕಂಡ ಹಾಗೆ, ಹೊಸದಾಗಿ ಬರೆಯುವವರನ್ನು ಅಂತ್ಯಪ್ರಾಸ ಕೆಡಿಸಿದಷ್ಟು ಬೇರೆ ಏನೂ ಕೆಡಿಸುವುದಿಲ್ಲ. ಸಾಲಿನ ಕೊನೆಗೆ ಏನು ಬರಬೇಕು ಎಂದು ಮೊದಲೇ ಗೊತ್ತಿದ್ದರೆ, ನಡುವೆ ನೋಡುವ ಕೆಲಸವನ್ನೇ ನಿಲ್ಲಿಸಿಬಿಡುತ್ತೇವೆ.

ಅಂಕಿತದ್ದು ಚಿಕ್ಕ ವಿಷಯ. ಚೆನ್ನಮಲ್ಲಿಕಾರ್ಜುನ, ಗುಹೇಶ್ವರ, ಕಾಗಿನೆಲೆಯಾದಿಕೇಶವ ಇವೆಲ್ಲ ಬರೆದವರ ಗುರುತೂ ಹೌದು, ಕೇಳುವವನ ಹೆಸರೂ ಹೌದು. ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಗುರುತು ಬೇಕಿತ್ತು. ಇವತ್ತು ನಿಮ್ಮ ನೋಟ್‌ಬುಕ್ಕಿನ ಮೇಲೆ ನಿಮ್ಮ ಹೆಸರು ಇದ್ದರೆ ಆ ಕೆಲಸ ಆಗುತ್ತದೆ. ಎರಡನೆಯ ಕೆಲಸ ಮಾತ್ರ ಈಗಲೂ ಬೇಕು: ಈ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ? ನೀವು "ದೇವಾ" ಎನ್ನುತ್ತೀರಿ. ಕೆಲವು ಕಡೆ ಆ "ದೇವಾ" ನಿಜವಾಗಿ ಅಮ್ಮನೇ ಇರಬಹುದಾ? ಯೋಚಿಸಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳೆಯ ವಚನಕಾರರ ಅಂಕಿತವನ್ನು ನಿಮ್ಮ ಕವಿತೆಗೆ ಹಾಕಬೇಡಿ. ನಾಳೆ ಅದು ಯಾರದೋ ಮೊಬೈಲಿನಲ್ಲಿ ಅಕ್ಕಮಹಾದೇವಿಯ ವಚನ ಎಂದೇ ಓಡಾಡುತ್ತದೆ. ಅಕ್ಕನಿಗೂ ಅನ್ಯಾಯ, ನಿಮಗೂ ಅನ್ಯಾಯ.

ಮಣ್ಣಿನ ಬಗ್ಗೆ ಬರೆದರೆ ಭಕ್ತಿ ಅಲ್ಲ ಎಂಬ ಮಾತಿಗೆ ಬರುತ್ತೇನೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು. ನೇಯ್ಗೆ ಕೆಲಸ ಮಾಡುತ್ತಿದ್ದ ಜೇಡರ ದಾಸಿಮಯ್ಯನವರ ವಚನ ಶುರುವಾಗುವುದೇ "ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ, ಸುಳಿದು ಬೀಸುವ ವಾಯು ನಿಮ್ಮ ದಾನ" ಎಂದು. ಅಲ್ಲಿಂದ ನೆಲವನ್ನು ತೆಗೆದರೆ ಭಕ್ತಿಗೆ ನಿಲ್ಲಲು ಜಾಗವೇ ಇಲ್ಲ. ಅಕ್ಕಮಹಾದೇವಿ ದೇವರು ಕಾಣದೆ ಅಡಗಿರುವ ರೀತಿ ಹೇಳಲು ಹೊರಟಾಗ ಸಿಕ್ಕಿದ ಮೊದಲ ಹೋಲಿಕೆ "ನೆಲದ ಮರೆಯ ನಿಧಾನ". ನೆಲದೊಳಗೆ ಹೂತಿಟ್ಟ ನಿಧಿ. ಆಮೇಲೆ ಹಣ್ಣಿನೊಳಗಿನ ರುಚಿ, ಎಳ್ಳಿನೊಳಗಿನ ಎಣ್ಣೆ, ಮರದೊಳಗಿನ ಬೆಂಕಿ. ಒಂದೂ ಆಕಾಶದಿಂದ ತಂದದ್ದಲ್ಲ. ಎಲ್ಲ ಕೈಗೆ ಸಿಗುವ ವಸ್ತುಗಳೇ.

ಇನ್ನೂ ಹಿಂದಕ್ಕೆ ಹೋಗಿ. ಅಥರ್ವವೇದದ 12ನೇ ಕಾಂಡದ ಮೊದಲ ಸೂಕ್ತ ಪೂರ್ತಿ ಭೂಮಿಯ ಮೇಲೆಯೇ ಇದೆ, 63 ಮಂತ್ರ. "ಭೂಮಿ ತಾಯಿ, ನಾನು ಪೃಥ್ವಿಯ ಮಗ" ಎನ್ನುವ ಸಾಲು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹತ್ತಿರವಾದದ್ದು 35ನೇ ಮಂತ್ರ. ಅದರ ಅರ್ಥ ಹೆಚ್ಚುಕಡಿಮೆ ಹೀಗೆ: ನಿನ್ನನ್ನು ಎಲ್ಲಿ ಅಗೆಯುತ್ತೇನೋ ಅಲ್ಲಿ ಬೇಗ ಮತ್ತೆ ಚಿಗುರಲಿ, ನಿನ್ನ ಮರ್ಮಕ್ಕೆ, ನಿನ್ನ ಎದೆಗೆ ನನ್ನಿಂದ ಪೆಟ್ಟಾಗದಿರಲಿ. ಅಗೆಯುವ ಕೈಯ ಪ್ರಾರ್ಥನೆ ಇದು. ಗಿಡದ ಬುಡ ಕೆದಕುವ ನಿಮಗೆ ಇದು ಯಾರೂ ವಿವರಿಸದೆ ಅರ್ಥವಾಗುತ್ತದೆ.

ಬೇರೆ ನಾಡಿನಲ್ಲೂ ಹೀಗೆಯೇ. ಇಟಲಿಯ ಅಸಿಸಿಯ ಸಂತ ಫ್ರಾನ್ಸಿಸ್ 1225ರ ಸುಮಾರಿಗೆ ಸೂರ್ಯನನ್ನು ಅಣ್ಣ, ನೀರನ್ನು ಅಕ್ಕ, ಭೂಮಿಯನ್ನು "ನಮ್ಮ ಅಕ್ಕ, ತಾಯಿ" ಎಂದು ಕರೆದು ಹಾಡು ಕಟ್ಟಿದರು. ಪಂಡಿತರ ಲ್ಯಾಟಿನ್‌ನಲ್ಲಿ ಅಲ್ಲ, ಮನೆಮಾತಿನಲ್ಲಿ. ಆಗ ಅವರಿಗೆ ಕಣ್ಣಿನ ಕಾಯಿಲೆ ಜೋರಾಗಿತ್ತು, ಬೆಳಕು ನೋಡಲೂ ಕಷ್ಟವಾಗುತ್ತಿತ್ತು. ಆ ಕಣ್ಣಿಟ್ಟುಕೊಂಡೇ ಸೂರ್ಯನನ್ನು ಹಾಡಿದರು.

ಆದರೆ ಹಿರಿಯರ ಆಕ್ಷೇಪದಲ್ಲಿ ಒಂದು ಕಾಳು ಸತ್ಯ ಇದೆ. ಅದನ್ನು ಮುಚ್ಚಿಡಲಾರೆ. ನಿಮ್ಮ ಮೊದಲ ಕವಿತೆಯಲ್ಲಿ "ಭೂತಾಯಿ" ಬರುತ್ತಾಳೆ, ಮಣ್ಣು ಬರುವುದಿಲ್ಲ. ಭೂತಾಯಿ ದೊಡ್ಡ ಪದ. ಆದರೆ ಅದನ್ನು ಹೇಳಲು ಕೈ ಕೊಳೆ ಮಾಡಿಕೊಳ್ಳಬೇಕಿಲ್ಲ. ಅಲ್ಲಿ ಭೂಮಿ ಬರೀ ಅಲಂಕಾರ. ನಿಮ್ಮ ಎರಡನೆಯ ಕವಿತೆಯಲ್ಲಿ ಭೂತಾಯಿ ಎಂಬ ಪದ ಇಲ್ಲ, ಆದರೆ ಅವಳು ಇದ್ದಾಳೆ. ಪದ ನಮಗಿಂತ ಮುಂಚೆ ಸಿದ್ಧವಾಗಿದ್ದರೆ ನಾವು ನೋಡುವುದನ್ನು ಬಿಡುತ್ತೇವೆ. ಭಕ್ತಿ ಕವಿತೆ ಸಪ್ಪೆಯಾಗಲು ನಾನು ಕಂಡ ಕಾರಣ ಹೆಚ್ಚಾಗಿ ಇದೊಂದೇ. ಭಕ್ತಿಯ ಕೊರತೆ ಅಲ್ಲ.

ಇಲ್ಲಿ ಒಂದು ಬದಿಯ ಮಾತು. "ಹಾಕಿದವರು ಯಾರು?" ಎಂಬ ನಿಮ್ಮ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರ ಇದೆ. ಮೇಲಿನ ಮಣ್ಣು ಒಣಗಿದಾಗ ಅದೇ ಒಂದು ಹೊದಿಕೆಯಾಗಿ ಕೆಳಗಿನ ತೇವ ಬೇಗ ಆರದಂತೆ ತಡೆಯುತ್ತದೆ. ಇನ್ನೂ ಚೆಂದದ ಸಂಗತಿ ಬೇರೆ ಇದೆ. ಬೇರು ಆಳಕ್ಕೆ ಹೋದ ಎಷ್ಟೋ ಮರಗಿಡಗಳು ರಾತ್ರಿ ಹೊತ್ತು ಕೆಳಗಿನ ನೀರನ್ನು ಬೇರಿನಲ್ಲೇ ಮೇಲೆಳೆದು, ಒಣಗಿದ ಮೇಲ್ಪದರದ ಮಣ್ಣಿಗೆ ಸ್ವಲ್ಪ ಬಿಟ್ಟುಕೊಡುತ್ತವೆ. ಪಕ್ಕದ ಸಣ್ಣ ಗಿಡಗಳೂ ಆ ನೀರನ್ನು ಕುಡಿಯುತ್ತವೆ. ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯ ಹಿಂದೆಯೂ ಹೀಗೇ ಕಾರಣ ಇದೆ. ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗಿಗೆ ಅದು ತಿಳಿಯುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕಾರಣ ತಿಳಿದರೆ ಭಕ್ತಿ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ನನಗೆ ಉಲ್ಟಾ ಆಗಿದೆ. ಬೇರು ರಾತ್ರಿಯಿಡೀ ನೀರು ಎತ್ತುತ್ತದೆ ಎಂದು ತಿಳಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಅಲ್ಲಮಪ್ರಭುಗಳು ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ "ಎತ್ತಣಿಂದೆತ್ತ ಸಂಬಂಧವಯ್ಯಾ" ಎಂದು ಕೇಳಿ, ಅದೇ ಉಸಿರಿನಲ್ಲಿ ಗುಹೇಶ್ವರನಿಗೂ ತನಗೂ ಎತ್ತಣ ಸಂಬಂಧ ಎಂದು ಕೇಳುತ್ತಾರೆ. ಉಪ್ಪು ಎಲ್ಲಿಂದ ಬಂತೆಂದು ಗೊತ್ತಿದ್ದರೂ ಆ ಬೆರಗು ಕಡಿಮೆಯಾಗುವುದಿಲ್ಲ.

ಮುಂದಿನದು "ನಾನು". ಈ ಆಕ್ಷೇಪ ಬರೆಯುವ ಹೆಂಗಸರಿಗೆ ಜಾಸ್ತಿ ಬರುತ್ತದೆ. ನನಗೂ ಬಂದಿತ್ತು, ಎಷ್ಟೋ ವರ್ಷ ನಂಬಿಯೂ ಇದ್ದೆ. ವಚನಗಳನ್ನು ತೆರೆದು ನೋಡಿ. ಆನು, ನಾನು, ಎನ್ನ, ಎನಗೆ ಎನ್ನುವ ಪದಗಳಿಲ್ಲದ ಪುಟ ಸಿಗುವುದು ಕಷ್ಟ. "ಎನಗಿಂತ ಕಿರಿಯರಿಲ್ಲ" ಎನ್ನಲೂ "ಎನಗೆ" ಬೇಕು. ಅಹಂಕಾರ ಇರುವುದು ಆ ಪದದಲ್ಲಲ್ಲ. ಆ "ನಾನು" ಏನು ಮಾಡುತ್ತಿದೆ ಎನ್ನುವುದರಲ್ಲಿ. ನಿಮ್ಮ ಎರಡನೆಯ ಕವಿತೆಯ "ನಾನು" ಏನು ಮಾಡಿದೆ? ನೀರು ಹಾಕಿಲ್ಲ. ತನ್ನ ತಪ್ಪು ಹೇಳಲು ಬಂದಿದೆ. ಮೊದಲ ಕವಿತೆಯ "ಬೇಡುವೆ ನಾನು" ಮಾತ್ರ ಸ್ವಲ್ಪ ನಿಂತು ತನ್ನನ್ನು ತೋರಿಸಿಕೊಳ್ಳುತ್ತದೆ: ನೋಡಿ, ನಾನು ಬೇಡುವವಳು. ಹಿರಿಯರಿಗೆ ಕಿರಿಕಿರಿ ಆದದ್ದು ಅಲ್ಲೇ ಇದ್ದರೆ ಅವರ ಕಿವಿ ಸರಿಯಾಗಿದೆ. ಕಾರಣ ಹೇಳುವಾಗ ತಪ್ಪಿದ್ದಾರೆ ಅಷ್ಟೇ.

ಈ ಅಳುಕು ನಿಮ್ಮೊಬ್ಬರದ್ದಲ್ಲ. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1868ರಲ್ಲಿ ಜೆಸ್ವಿಟ್ ಎಂಬ ಕ್ರೈಸ್ತ ಪಾದ್ರಿಗಳ ಸಭೆಗೆ ಸೇರುವ ಮುಂಚೆ, ಕವಿತೆ ಬರೆಯುವುದು ತನ್ನ ದೀಕ್ಷೆಗೆ ಹೊಂದುವುದಿಲ್ಲ ಎಂದು ಬರೆದದ್ದನ್ನು ಸುಟ್ಟುಹಾಕಿದರು. ಏಳು ವರ್ಷ ಹೆಚ್ಚುಕಡಿಮೆ ಬರೆಯಲೇ ಇಲ್ಲ. ಆಮೇಲೆ ಮೇಲಿನವರೊಬ್ಬರು ಬರೆಯಲು ಸೂಚಿಸಿದ ಮೇಲೆ ಮತ್ತೆ ಶುರುಮಾಡಿದರು. ಆ ಏಳು ವರ್ಷ ಅವರು ನಿಲ್ಲಿಸದೆ ಇದ್ದದ್ದು ಒಂದೇ ಕೆಲಸ. ಎಲೆ, ಮೋಡ, ನೀರಿನ ಹರಿವು ಹೇಗಿದೆ ಎಂದು ದಿನಚರಿಯಲ್ಲಿ ವಿವರವಾಗಿ ಬರೆದಿಡುವುದು. ಮತ್ತೆ ಕವಿತೆ ಬಂದಾಗ ಆ ನೋಟವೆಲ್ಲ ಪ್ರಾರ್ಥನೆಯೊಳಗೆ ಬಂತು. ಇದೇ ಕವಿ 1885ರ ಸುಮಾರಿಗೆ, ದೇವರು ಮಾತಾಡುತ್ತಿಲ್ಲ ಎಂಬ ಕತ್ತಲೆಯಲ್ಲಿ ಕೂತು ಬರೆದ ಸಾನೆಟ್‌ಗಳೂ (ಹದಿನಾಲ್ಕು ಸಾಲಿನ ಕವಿತೆಗಳು) ಇವೆ. ಅವನ್ನು ಯಾರೂ ಸುಳ್ಳು ಭಕ್ತಿ ಎನ್ನುವುದಿಲ್ಲ.

ಅಲ್ಲಿಂದ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ದೇವರಿದ್ದಾನೆ ಅನ್ನಿಸದ ದಿನ "ದೇವಾ" ಎಂದು ಬರೆದರೆ ಸುಳ್ಳಾ?

ಅಲ್ಲ. ಕರೆಯುವುದಕ್ಕೆ ನಂಬಿಕೆ ಪೂರ್ತಿ ಇರಬೇಕಾಗಿಲ್ಲ. ಕತ್ತಲೆ ಮನೆಗೆ ಹೋದಾಗ "ಯಾರಾದರೂ ಇದ್ದೀರಾ?" ಎನ್ನುತ್ತೇವೆ. ಇದ್ದಾರೆ ಎಂದು ಗೊತ್ತಿದ್ದು ಕರೆಯುವುದಲ್ಲ. ಅಕ್ಕಮಹಾದೇವಿ ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ: "ನೀವು ಕಾಣಿರೆ, ನೀವು ಕಾಣಿರೆ". ಆ ವಚನದಲ್ಲಿ ಒಂದು ಹಕ್ಕಿಯೂ ಉತ್ತರ ಕೊಡುವುದಿಲ್ಲ. ವಚನ ಪ್ರಶ್ನೆಯಲ್ಲೇ ಮುಗಿಯುತ್ತದೆ. ಕನಕದಾಸರ ಆ ಮರದ ಹಾಡು ಶುರುವಾಗುವುದು "ತಲ್ಲಣಿಸದಿರು ಕಂಡ್ಯ ತಾಳು ಮನವೇ" ಎಂದು. ಶಾಂತವಾಗಿರುವ ಮನಸ್ಸಿಗೆ ಯಾರೂ ತಲ್ಲಣಿಸಬೇಡ ಎನ್ನುವುದಿಲ್ಲ. "ಇದಕೆ ಸಂಶಯವಿಲ್ಲ" ಎಂದು ಮತ್ತೆ ಮತ್ತೆ ಬರುವುದನ್ನು ಕೇಳಿದಾಗಲೆಲ್ಲ, ಸಂಶಯ ಎಂದರೇನು ಎಂದು ಚೆನ್ನಾಗಿ ಬಲ್ಲವರ ಮಾತಿದು ಎಂದೇ ನನಗೆ ಅನ್ನಿಸುತ್ತದೆ. ಬೈಬಲ್ಲಿನ 150 ಕೀರ್ತನೆಗಳಲ್ಲಿ 22ನೆಯದು ಶುರುವಾಗುವುದೇ, ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂದು.

ಸುಳ್ಳಾಗುವುದು ಬೇರೆ ಕಡೆ. ಸಂಶಯದ ದಿನ ಸಂಶಯವನ್ನು ಬರೆಯದೆ, "ನಿನ್ನ ಕರುಣೆ ಅಪಾರ" ಎಂದು ಬರೆದರೆ ಅದು ಸುಳ್ಳು. ಪತ್ರದಲ್ಲಿ ನಿಮ್ಮ ಕೋಪದ ಬಗ್ಗೆ ಹೇಳಿದ್ದೀರಿ. ನೀವು ಕಳಿಸಿದ ಎರಡರಲ್ಲೂ ಕೋಪ ಇಲ್ಲ. ನೋಟ್‌ಬುಕ್ಕಿನಲ್ಲಿ ಇರಬೇಕು. ನನಗೆ ಅವನ್ನು ಓದುವ ಆಸೆ ಇದೆ.

ಹಾಗಾದರೆ ಏನು ಮಾಡಬಹುದು? ನಿಲ್ಲಿಸಿ ಎಂದು ನಾನಂತೂ ಹೇಳುವುದಿಲ್ಲ. ಅಮ್ಮ ಹೋದ ಮೇಲೆ ಶುರುವಾದ ಬರವಣಿಗೆ ಇದು. ಬರೆಯುವುದರಿಂದ ಹಗುರ ಆಗುತ್ತಿದ್ದರೆ ಒಳ್ಳೆಯದೇ. ಆದರೆ ಬರೆದಷ್ಟೂ ಮನಸ್ಸು ಭಾರವಾಗುತ್ತಾ ಹೋದರೆ, ನಿದ್ದೆ ಊಟ ಕೆಟ್ಟರೆ, ಅದು ಕವಿತೆ ಹೊರಬೇಕಾದ ಭಾರ ಅಲ್ಲ. ಡಾಕ್ಟರನ್ನೋ ಆಪ್ತ ಸಲಹೆಗಾರರನ್ನೋ ನೋಡಿ. ಇದನ್ನು ನೇರವಾಗಿ ಹೇಳಬೇಕು ಅನ್ನಿಸಿತು.

ಬರವಣಿಗೆಗೆ ಒಂದು ಪ್ರಯೋಗ ಹೇಳುತ್ತೇನೆ. ಒಂದು ತಿಂಗಳು ಕರುಣೆ, ಮಹಿಮೆ, ಲೀಲೆ, ಪಾವನ, ಜ್ಞಾನ, ಬೆಳಕು ಈ ಆರು ಪದ ಮುಟ್ಟಬೇಡಿ. ದೇವಾ ಎನ್ನಬಹುದು. ಕೈಗೆ ಸಿಕ್ಕ ಮಣ್ಣು, ಎಲೆ, ಹುಳ ಏನು ಮಾಡುತ್ತಿತ್ತು ಎಂದು ಬರೆದು ಅಲ್ಲೇ ಕರೆಯಿರಿ. ಇದರಲ್ಲೂ ಅಪಾಯ ಇದೆ, ನನ್ನ ಕೈಯಿಂದಲೇ ಒಂದು ಸಲ ತಪ್ಪಾಗಿದೆ. ಬಹಳ ಹಿಂದೆ ಒಬ್ಬ ವಿದ್ಯಾರ್ಥಿಯ ಕವಿತೆಯಿಂದ ಭಕ್ತಿಯ ಪದಗಳನ್ನೆಲ್ಲ ಒಂದೊಂದಾಗಿ ಕೀಳಿಸಿದೆ. ಕೊನೆಗೆ ಉಳಿದದ್ದು ಒಣ ವರದಿ. ಅವನ ಕವಿತೆಯಲ್ಲಿ ಕರೆಯುವ ದನಿಯೇ ಹೋಗಿತ್ತು. ಅವನು ಬರೆಯುವುದನ್ನೇ ಬಿಟ್ಟ. ಆ ನೋವು ಇನ್ನೂ ಇದೆ. ಹಾಗಾಗಿ ಒಂದು ತಿಂಗಳು ಮಾತ್ರ. ಆಮೇಲೆ ಯಾವ ಪದ ತಾನಾಗಿ ವಾಪಸ್ ಬರುತ್ತದೋ ಅದು ಬರಲಿ, ಅಷ್ಟರಲ್ಲಿ ಅದು ನಿಮ್ಮದಾಗಿರುತ್ತದೆ.

ಛಂದಸ್ಸು ಕಲಿಯುವ ಆಸೆ ನಿಮಗೇ ಇದ್ದರೆ ಕಲಿಯಿರಿ. ಐದು ಮಾತ್ರೆಯ ನಡೆಯಿಂದ ಶುರುಮಾಡಿ, ಕೈತಟ್ಟಿಕೊಂಡು. ಆರು ತಿಂಗಳು ನಿಮ್ಮ ಸಾಲುಗಳು ಗೊಂಬೆಯ ಹಾಗೆ ನಡೆಯುತ್ತವೆ. ಹೆದರಬೇಡಿ. ಹಿರಿಯರನ್ನು ಮೆಚ್ಚಿಸಲಿಕ್ಕೆ ಮಾತ್ರ ಕಲಿಯಬೇಡಿ. ಯಾರಾದರೂ ಕವಿತೆಗೆ ರಾಗ ಹಾಕಿ ಹಾಡುತ್ತೇನೆ ಎಂದರೆ ಸಂತೋಷವೇ. ಆದರೆ ಒಳ್ಳೆಯ ದನಿ ಸಡಿಲ ಸಾಲನ್ನು ಮುಚ್ಚಿಬಿಡುತ್ತದೆ. ರಾಗ ಇಲ್ಲದೆ ಓದಿದಾಗ ನಿಲ್ಲುತ್ತದಾ ಎಂದು ಮೊದಲು ನೋಡಿಕೊಳ್ಳಿ.

ಪುಸ್ತಕದ ವಿಷಯದಲ್ಲಿ ಮಗಳ ಪ್ರೀತಿ ದೊಡ್ಡದು. ಆದರೂ ಸ್ವಲ್ಪ ಕಾಯಿರಿ ಎನ್ನುತ್ತೇನೆ. ಅಚ್ಚಾದ ಮೇಲೆ ಇವು ಬರೀ ನಿಮ್ಮ ಮತ್ತು ದೇವರ ಮಾತಾಗಿ ಉಳಿಯುವುದಿಲ್ಲ. ಮನೆಯವರು ಓದುತ್ತಾರೆ. ಅಮ್ಮನ ಮೇಲಿನ ಕೋಪ ಎಲ್ಲಾದರೂ ಇದ್ದರೆ ಅದನ್ನೂ ಓದುತ್ತಾರೆ. ಹೊಗಳಿಕೆಯಿಂದ ಬೇರೆ ಥರದ ತೊಂದರೆ ಇದೆ. ಜನ ಮೊದಲ ಕವಿತೆಯನ್ನೇ ಮೆಚ್ಚಬಹುದು, ಯಾಕೆಂದರೆ ಅದು ಅವರಿಗೆ ಮೊದಲೇ ಗೊತ್ತಿರುವ ಕವಿತೆ. ಆಗ ನೀವು ಅಂಥವನ್ನೇ ಬರೆಯುತ್ತಾ ಹೋಗುತ್ತೀರಿ. ಕಾಯದೆ ಇರುವುದಕ್ಕಿಂತ ಕಾಯುವುದರ ನಷ್ಟ ಕಡಿಮೆ. ಹಾಪ್ಕಿನ್ಸ್ ತೀರಿಕೊಂಡದ್ದು 1889ರಲ್ಲಿ, ಅವರ ಕವಿತೆಗಳ ಪುಸ್ತಕ ಬಂದದ್ದು 1918ರಲ್ಲಿ. ನಮ್ಮ ವಚನಗಳು ಎಷ್ಟೋ ಕಾಲ ತಾಳೆಗರಿಗಳಲ್ಲೇ ಇದ್ದವು. ಫ.ಗು. ಹಳಕಟ್ಟಿಯವರು ಹುಡುಕಿ ಹುಡುಕಿ ಸೇರಿಸಿ 1923ರಲ್ಲಿ ವಚನಶಾಸ್ತ್ರ ಸಾರ ಅಚ್ಚು ಮಾಡಿಸಿದರು. ನೀವು ಅಷ್ಟು ಕಾಯಬೇಕಿಲ್ಲ. ಈ ವರ್ಷ ಎರಡೂ ನೋಟ್‌ಬುಕ್ಕಿನಿಂದ ಹನ್ನೆರಡು ಕವಿತೆ ಆರಿಸಿ. ಮಗಳಿಗೆ ಜೋರಾಗಿ ಓದಿ ಹೇಳಿ. ಅವಳು ಎಲ್ಲಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾಳೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಅವಳು "ಚೆನ್ನಾಗಿದೆ" ಅನ್ನುವುದಕ್ಕಿಂತ ಆ ಗುರುತು ನಂಬಿಕಸ್ಥವಾದದ್ದು.

ಈಗ ಉಳಿದದ್ದು ಐದನೆಯ ಸಾಲು. "ಎಲ್ಲವೂ ನಿನ್ನ ಲೀಲೆ, ಕರುಣಾಳು ದೇವಾ." ನಾಲ್ಕನೆಯ ಸಾಲಿನಲ್ಲಿ ನೀವು ನಿಜವಾಗಿ ಕೇಳಿದಿರಿ. ಕೇಳಿ ಹೆದರಿದಿರಿ. ಉತ್ತರ ಬರುವ ಮುಂಚೆ ನೀವೇ ಉತ್ತರ ಬರೆದುಬಿಟ್ಟಿರಿ, ಅದೂ ಬೇರೆಯವರ ಪದಗಳಲ್ಲಿ. ಇದು ಭಕ್ತಿ ಕವಿತೆ ಅನ್ನಿಸಿಕೊಳ್ಳುತ್ತದೋ ಇಲ್ಲವೋ ಎಂಬ ಅಳುಕು ಆ ಸಾಲನ್ನು ಬರೆಸಿದೆ. ಅದನ್ನು ತೆಗೆಯಿರಿ. ಕನಕದಾಸರು ತಮ್ಮ ಪ್ರಶ್ನೆಗೆ ಉತ್ತರ ಕೊಟ್ಟರು, ಅದು ಅವರಿಗೆ ಸಿಕ್ಕಿತ್ತು. ನಿಮಗೆ ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ ಬರೆಯಿರಿ.

ಇನ್ನೊಂದು ಸಣ್ಣ ವಿಷಯ. ಅದು ಯಾವ ಗಿಡ ಎಂದು ನೀವು ಪತ್ರದಲ್ಲೂ ಬರೆದಿಲ್ಲ, ಕವಿತೆಯಲ್ಲೂ ಬರೆದಿಲ್ಲ. ಅಮ್ಮ ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ ಆ ಹೆಸರನ್ನೇ ಮೊದಲ ಸಾಲಿಗೆ ಹಾಕಿ, ನನಗೆ ಮತ್ತೆ ಕಳಿಸಿ.